ಚರ್ಮದ ಮೇಲೆ ಏನೂ ಇರಲಿಲ್ಲ, ತುರಿಕೆ ಮಾತ್ರ ನಿಲ್ಲಲಿಲ್ಲ

ಏಳು ತಿಂಗಳು ದಾಟಿದ ಬಸುರಿಗೆ ಅಂಗೈ ಅಂಗಾಲು ತುರಿಸುತ್ತಿದೆ, ರಾತ್ರಿಯಾದರೆ ಜಾಸ್ತಿ, ಆದರೆ ಚರ್ಮದ ಮೇಲೆ ಒಂದು ಗುಳ್ಳೆಯೂ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಈಗ ಮೊದಲು ಹೇಳುವುದು ಒಂದೇ ಮಾತು. ನಾಳೆ ಬೆಳಿಗ್ಗೆಯೇ ಹೋಗಿ ಲಿವರಿನ ರಕ್ತಪರೀಕ್ಷೆ ಮಾಡಿಸಿ. ಎಣ್ಣೆ, ಲೋಷನ್, ಮನೆಮದ್ದು ಎಲ್ಲ ಆಮೇಲೆ ನೋಡೋಣ.

ನನಗೆ ಬಂದಿದ್ದು ಗರ್ಭಿಣಿಯರಿಗೆ ಬರುವ ಒಂದು ಲಿವರ್ ಕಾಯಿಲೆ. ಡಾಕ್ಟರುಗಳು ಅದನ್ನು ಕೊಲೆಸ್ಟಾಸಿಸ್ ಅನ್ನುತ್ತಾರೆ, ಚೀಟಿಯಲ್ಲಿ ಐಸಿಪಿ ಅಂತ ಬರೆಯುತ್ತಾರೆ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬರಬಹುದು, ಬಿಪಿ ಏರಬಹುದು ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಲಿವರ್ ಕೈಕೊಡಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ತಾಯಿ ಕಾರ್ಡಿನ ತುಂಬ ತೂಕ, ಬಿಪಿ, ಹಿಮೋಗ್ಲೋಬಿನ್ ಬರೆದಿತ್ತು. ತುರಿಕೆ ಇದೆಯಾ ಅಂತ ಕೇಳಿದವರು ಯಾರೂ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸೀಮಂತ ಮುಗಿಸಿಕೊಂಡು ತೀರ್ಥಹಳ್ಳಿ ಕಡೆಯ ತವರುಮನೆಗೆ ಬಂದಿದ್ದೆ. ಮೊದಲ ಬಸಿರು. 31ನೇ ವಾರದ ಹೊತ್ತಿಗೆ ಅಂಗಾಲಿನಲ್ಲಿ ಶುರುವಾಯಿತು. ಹಗಲು ಹೇಗೋ ತಡೆದುಕೊಳ್ಳಬಹುದಿತ್ತು. ರಾತ್ರಿ ಊಟ ಮಾಡಿ ಮಲಗಿದರೆ ಮುಗಿಯಿತು. ಸೊಳ್ಳೆ ಕಚ್ಚಿದರೆ ಆಗುವ ತುರಿಕೆ ಮೇಲ್ಮೇಲಿನದು, ಕೆರೆದರೆ ಒಂದು ಹಿತ ಇರುತ್ತದೆ. ಇದು ಚರ್ಮದ ಕೆಳಗೆ ಎಲ್ಲೋ ಇತ್ತು. ಎಷ್ಟು ಕೆರೆದರೂ ಉಗುರಿಗೆ ಸಿಗುತ್ತಿರಲಿಲ್ಲ. ಚಳಿಗಾಲದ ಮಧ್ಯರಾತ್ರಿ ಎದ್ದು ಬಚ್ಚಲಿಗೆ ಹೋಗಿ ಹಂಡೆಯ ಪಕ್ಕದ ತೊಟ್ಟಿಯ ತಣ್ಣೀರಿನಲ್ಲಿ ಕಾಲು ಇಟ್ಟುಕೊಂಡು ಕೂರುತ್ತಿದ್ದೆ. ನೀರಿನಲ್ಲಿ ಇರುವಷ್ಟು ಹೊತ್ತು ಸಮಾಧಾನ. ತೆಗೆದ ಕೂಡಲೇ ಮತ್ತೆ ಶುರು. ಜಗಲಿಯ ಕೆಂಪು ಸಿಮೆಂಟಿನ ನೆಲಕ್ಕೆ ಅಂಗಾಲು ತಿಕ್ಕುತ್ತಾ ಓಡಾಡುತ್ತಿದ್ದೆ. ಬಾಚಣಿಗೆಯ ಹಲ್ಲಿನಿಂದ ಅಂಗೈ ಗೀರುತ್ತಿದ್ದೆ. ಬೆಳಿಗ್ಗೆ ನೋಡಿದರೆ ಹಾಸಿಗೆಯ ಮೇಲೆ ಅಲ್ಲಲ್ಲಿ ರಕ್ತದ ಚುಕ್ಕೆ. ಅದು ನಾನೇ ಕೆರೆದುಕೊಂಡು ಆದ ಗಾಯದ್ದು. ಆ ಗಾಯ ಬಿಟ್ಟರೆ ಮೈಮೇಲೆ ಬೇರೇನೂ ಇಲ್ಲ.

ಅಮ್ಮ "ಉಷ್ಣ ಆಗಿದೆ" ಅಂತ ಎಳನೀರು, ಬಾರ್ಲಿ ನೀರು ಕುಡಿಸಿದಳು. ಅಜ್ಜಿ "ಪಿತ್ತದ ಗಂಧೆ ಕಣೇ, ಕಂಬಳಿ ಹೊದ್ದು ಮಲಗು" ಅಂದು ದೊಡ್ಡಪತ್ರೆ ರಸ ಹಚ್ಚಿದರು. ಗಂಧೆ ಎದ್ದರೆ ದಡಿಕೆ ದಡಿಕೆಯಾಗಿ ಚರ್ಮ ಊದುತ್ತದೆ. ನನಗೆ ಊದಿರಲಿಲ್ಲ. ಕಂಬಳಿ ಹೊದ್ದಾಗ ಸೆಕೆಗೆ ತುರಿಕೆ ಇನ್ನೂ ಏರಿ ಅಳು ಬಂತು. ಇಬ್ಬರೂ ಪ್ರೀತಿಯಿಂದ ಮಾಡಿದ್ದು, ಅವರಿಗೆ ಗೊತ್ತಿದ್ದದ್ದು ಅಷ್ಟು. ನನಗೆ ಬೇಸರವಾಗಿದ್ದು ಬೇರೆ ಕಡೆ. ತಪಾಸಣೆಗೆ ಹೋಗುತ್ತಿದ್ದ ಕಡೆ ವಿಷಯ ಹೇಳಿದೆ. "ಹೊಟ್ಟೆ ಹಿಗ್ಗುವಾಗ ತುರಿಸುತ್ತೆ, ಎಲ್ಲರಿಗೂ ಇದ್ದದ್ದೇ" ಅಂತ ಕ್ಯಾಲಮೈನ್ ಲೋಷನ್ ಬರೆದುಕೊಟ್ಟು ಮುಂದಿನವರನ್ನು ಕರೆದರು. ಹೊಟ್ಟೆ ತುರಿಸುತ್ತಿಲ್ಲ, ಅಂಗಾಲು ತುರಿಸುತ್ತಿದೆ ಅಂತ ಮತ್ತೆ ಹೇಳಿದೆ. "ಲೋಷನ್ ಕಾಲಿಗೂ ಹಚ್ಚಿ" ಅಂದರು. ಬಸುರಿನಲ್ಲಿ ಹೊಟ್ಟೆ, ತೊಡೆ ತುರಿಸುವುದು ಸಾಮಾನ್ಯ ಅನ್ನುವುದು ನಿಜವೇ. ಆದರೆ ಅಂಗೈ ಅಂಗಾಲು ಅಂದ ಕೂಡಲೇ ಕಿವಿ ನಿಮಿರಬೇಕಿತ್ತು.

ಇದರ ನಡುವೆ ಮೂತ್ರದ ಬಣ್ಣ ಗಾಢವಾಯಿತು. ನೀರು ಕಡಿಮೆ ಕುಡಿಯುತ್ತಿದ್ದೀಯ ಅಂದರು ಮನೆಯಲ್ಲಿ. ನಾನು ಚೊಂಬುಗಟ್ಟಲೆ ಕುಡಿಯುತ್ತಿದ್ದೆ. ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕ ಒಂದು ದಿನ ಬಂದವರು ನನ್ನ ಕೈ ಹಿಡಿದು ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, "ಕಣ್ಣು ಹಳದಿ ಅನ್ನಿಸಲ್ಲ, ಆದ್ರೂ ಶಿವಮೊಗ್ಗಕ್ಕೆ ಹೋಗಿ ತೋರಿಸ್ಕೊಂಡು ಬಾ ತಂಗಿ, ಕಾಯಬೇಡ" ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ. ಇವರಿಗೆ ಫೋನ್ ಮಾಡಿದೆ. ಮರುದಿನವೇ ಕಾರು ತಂದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೇಡಂ ಮೊದಲು ನನ್ನ ಅಂಗಾಲು ನೋಡಿದರು. ಆಮೇಲೆ ಒಂದೊಂದೇ ಪ್ರಶ್ನೆ. ರಾತ್ರಿ ಜಾಸ್ತಿನಾ? ಮೂತ್ರದ ಬಣ್ಣ ಹೇಗಿದೆ? ಮಲ ಬಿಳಚಿಕೊಂಡಿದೆಯಾ? ಹೊಟ್ಟೆಯ ಬಲಗಡೆ ಮೇಲೆ ನೋವಿದೆಯಾ? ವಾಂತಿ, ತಲೆನೋವು, ಕಣ್ಣು ಮಂಜು? ಅಮ್ಮನಿಗೆ, ಅಕ್ಕತಂಗಿಯರಿಗೆ ಹೀಗೆ ಆಗಿತ್ತಾ? ಅಮ್ಮ ಪಕ್ಕದಲ್ಲೇ ಇದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವಳು ಹೊಟ್ಟೆಯಲ್ಲಿದ್ದಾಗ ನಂಗೂ ಕೊನೆ ತಿಂಗಳು ಕೈಕಾಲು ತುರಿಸ್ತಿತ್ತು ಮೇಡಂ, ಹೆರಿಗೆ ಆದ್ಮೇಲೆ ತಾನೇ ಹೋಯ್ತು" ಅಂದಳು. ಅಷ್ಟು ವರ್ಷದಲ್ಲಿ ಅಮ್ಮ ಈ ಮಾತು ನನಗೆ ಒಮ್ಮೆಯೂ ಹೇಳಿರಲಿಲ್ಲ. ಹೇಳುವಂಥ ವಿಷಯ ಅಂತ ಅವಳಿಗೆ ಅನ್ನಿಸಿರಲೇ ಇಲ್ಲ. ಮೇಡಂ ಅದನ್ನು ಫೈಲಿನಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಈ ಕಾಯಿಲೆ ಕೆಲವು ಮನೆತನಗಳಲ್ಲಿ ಹರಿದು ಬರುತ್ತದಂತೆ.

ಅವತ್ತೇ ರಕ್ತ ತೆಗೆದರು. ಲಿವರ್ ಫಂಕ್ಷನ್ ಟೆಸ್ಟ್, ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಸಕ್ಕರೆ ಅಂಶ, ಹೆಪಟೈಟಿಸ್ ಎ, ಬಿ, ಸಿ, ಇ. ಲಿವರ್ ಮತ್ತು ಪಿತ್ತಕೋಶದ ಸ್ಕ್ಯಾನಿಂಗ್. ಜೊತೆಗೆ ಬೈಲ್ ಆಸಿಡ್, ಅಂದರೆ ಪಿತ್ತರಸದಲ್ಲಿರುವ ಆಮ್ಲ, ರಕ್ತದಲ್ಲಿ ಎಷ್ಟಿದೆ ಅಂತ ನೋಡುವ ಒಂದು ಪರೀಕ್ಷೆ. ಅದನ್ನು ಅಲ್ಲಿ ಮಾಡುತ್ತಿರಲಿಲ್ಲ, ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕು. ಖಾಲಿ ಹೊಟ್ಟೆಯಲ್ಲಿ ಬರಬೇಕಿತ್ತಾ ಅಂತ ಕೇಳಿದೆ. "ಬೇಡ. ಊಟ ಆದ್ಮೇಲೆ ಅದು ಏರುತ್ತೆ, ಎಷ್ಟು ಏರುತ್ತೆ ಅಂತಾನೇ ನಮಗೆ ಗೊತ್ತಾಗಬೇಕು" ಅಂದರು.

ಸಂಜೆ ಹೊತ್ತಿಗೆ ಲಿವರ್ ರಿಪೋರ್ಟ್ ಬಂತು. ಎಸ್‌ಜಿಪಿಟಿ ಅನ್ನುವ ಲಿವರಿನ ಕಿಣ್ವ 168. ಮಾಮೂಲಿಗೆ ಇದು 40ರ ಒಳಗಿರಬೇಕು. ಅದರ ಕೆಳಗೆ ಆಲ್ಕಲೈನ್ ಫಾಸ್ಫಟೇಸ್ ಅಂತ ಇನ್ನೊಂದು ಸಾಲು, ಅದಕ್ಕೂ ದಪ್ಪ ಅಕ್ಷರ, ಪಕ್ಕದಲ್ಲಿ ನಕ್ಷತ್ರ ಗುರುತು. ಅದನ್ನು ನೋಡಿ ಇವರ ಮುಖ ಸಣ್ಣದಾಯಿತು. ಮೇಡಂ ಪೆನ್ನಿನಿಂದ ಆ ಸಾಲನ್ನು ಹೊಡೆದು ಹಾಕಿದರು. ಬಸುರಿನಲ್ಲಿ ಅದು ಮಾಸದಿಂದಲೂ ಬರುತ್ತದೆ, ಎಲ್ಲ ಗರ್ಭಿಣಿಯರಿಗೂ ಏರಿಯೇ ಇರುತ್ತದೆ, ಅದಕ್ಕೆ ಹೆದರಬೇಡಿ ಅಂದರು. ಪ್ರಯೋಗಾಲಯದ ರಿಪೋರ್ಟಿನಲ್ಲಿ ಪಕ್ಕಕ್ಕೆ ಕೊಟ್ಟಿರುವ ಮಿತಿಗಳು ಬಸುರಿ ಅಲ್ಲದವರ ಲೆಕ್ಕ. ಆಲ್ಬುಮಿನ್ ಕಡಿಮೆ ಅಂತ ತೋರಿಸಿದ್ದಕ್ಕೂ ಅದೇ ಕಾರಣ, ಬಸುರಿನಲ್ಲಿ ರಕ್ತ ಸ್ವಲ್ಪ ತೆಳ್ಳಗಾಗಿರುತ್ತದೆ. ರಿಪೋರ್ಟ್ ಕೈಯಲ್ಲಿ ಹಿಡಿದು ಮೊಬೈಲಿನಲ್ಲಿ ಹುಡುಕುವವರಿಗೆ ಇದು ತಿಳಿದಿರಲಿ. ದಪ್ಪ ಅಕ್ಷರ ಎಲ್ಲವೂ ಕಾಯಿಲೆ ಅಲ್ಲ. ಎಸ್‌ಜಿಪಿಟಿ ಏರಿದರೆ ಮಾತ್ರ ಬಸುರು ಅಂತ ಬಿಡುವ ಹಾಗಿಲ್ಲ.

ಆಮೇಲೆ ಮೇಡಂ ಕಾಯಿಲೆ ಏನು ಅಂತ ವಿವರಿಸಿದರು. ಲಿವರ್ ಪಿತ್ತರಸ ಮಾಡಿ ಸಣ್ಣ ನಾಳಗಳ ಮೂಲಕ ಕರುಳಿಗೆ ಇಳಿಸುತ್ತದೆ. ಬಸುರಿನ ಹಾರ್ಮೋನುಗಳು ಏರಿದಾಗ ಕೆಲವರ ಲಿವರಿನಲ್ಲಿ ಈ ಕೆಲಸ ನಿಧಾನವಾಗುತ್ತದೆ. ಹುಟ್ಟಿನಿಂದಲೇ ಜೀನಿನಲ್ಲಿ ಸಣ್ಣ ವ್ಯತ್ಯಾಸ ಇರುವವರಿಗೆ ಹೀಗಾಗುವುದು ಜಾಸ್ತಿ. ನಾವು ಅಡಿಕೆ ತೋಟದವರು ಅಂತ ಗೊತ್ತಾದ ಮೇಲೆ ಅವರು ಹೇಳಿದ್ದು ಹೀಗೆ: ಬಸಿಗಾಲುವೆ ಕಟ್ಟಿಕೊಂಡರೆ ನೀರು ತೋಟಕ್ಕೇ ನುಗ್ಗುತ್ತಲ್ಲ, ಹಾಗೆ ಕರುಳಿಗೆ ಹೋಗಬೇಕಾದ ಬೈಲ್ ಆಸಿಡ್ ವಾಪಸ್ ರಕ್ತಕ್ಕೆ ಸೇರುತ್ತೆ. ಅಪ್ಪನಿಗೆ ನಾನು ಮನೆಗೆ ಬಂದು ಇಷ್ಟೇ ಹೇಳಿದೆ, ಪೂರ್ತಿ ಅರ್ಥವಾಯಿತು.

ತಾಯಿಯ ಲಿವರ್ ಇದರಿಂದ ಹಾಳಾಗಿ ಹೋಗುವುದಿಲ್ಲ, ಹೆರಿಗೆಯಾದ ಮೇಲೆ ಸರಿಹೋಗುತ್ತದೆ. ಅಪಾಯ ಜಾಸ್ತಿ ಇರುವುದು ಮಗುವಿಗೆ. ಅವಧಿಗೆ ಮುಂಚೆ ಹೆರಿಗೆ ಆಗಬಹುದು. ಮಗು ಹೊಟ್ಟೆಯಲ್ಲೇ ಮಲ ಮಾಡಿಕೊಳ್ಳಬಹುದು. ಬೈಲ್ ಆಸಿಡ್ ತುಂಬ ಏರಿದರೆ ಮಗುವಿನ ಹೃದಯದ ಬಡಿತ ಹಠಾತ್ತನೆ ನಿಲ್ಲುವ ಭಯವೂ ಇದೆ. ಇದನ್ನು ಮೇಡಂ ನನ್ನ ಕಣ್ಣು ನೋಡಿಕೊಂಡೇ ಹೇಳಿದರು. ಮುಚ್ಚಿಡಲಿಲ್ಲ. ಕೂಡಲೇ ಲೆಕ್ಕವನ್ನೂ ಹೇಳಿದರು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಈ ಕಾಯಿಲೆಯ 5,000ಕ್ಕೂ ಹೆಚ್ಚು ತಾಯಂದಿರ ಮಾಹಿತಿ ಒಟ್ಟುಗೂಡಿಸಿ ನೋಡಿದ್ದಾರೆ. ಬೈಲ್ ಆಸಿಡ್ ಲೀಟರಿಗೆ 100 ಮೈಕ್ರೊಮೋಲ್ ಒಳಗೆ ಇದ್ದವರಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋದದ್ದು ಸಾವಿರಕ್ಕೆ ಮೂರಕ್ಕಿಂತ ಕಡಿಮೆ. 100 ಮುಟ್ಟಿದವರಲ್ಲಿ, ದಾಟಿದವರಲ್ಲಿ ಅದು ನೂರಕ್ಕೆ ಮೂರನ್ನು ಮೀರಿತ್ತು. ಅಂದರೆ ನನ್ನ ಮುಂದಿನ ದಿನಗಳೆಲ್ಲ ಬೆಂಗಳೂರಿನಿಂದ ಬರುವ ಆ ಒಂದು ಅಂಕಿಯ ಮೇಲೆ ನಿಂತವು.

ರಿಪೋರ್ಟ್ ಬರುವವರೆಗೆ ಕಾಯುವುದು ಕಷ್ಟ. ನಾನು ಶಿವಮೊಗ್ಗದ ಮನೆಯಲ್ಲೇ ಉಳಿದೆ, ಅತ್ತೆಯೂ ಅಮ್ಮನೂ ಇಬ್ಬರೂ ಜೊತೆಗಿದ್ದರು. ಫೋನ್ ಸದ್ದಾದರೆ ಎಲ್ಲರೂ ಒಟ್ಟಿಗೆ ತಿರುಗಿ ನೋಡುತ್ತಿದ್ದೆವು. ಕೊನೆಗೆ ಬಂತು, 46. ಮಧ್ಯಮ ಮಟ್ಟ. ಹೆಪಟೈಟಿಸ್ ಎಲ್ಲವೂ ನೆಗೆಟಿವ್. ಪಿತ್ತಕೋಶದಲ್ಲಿ ಕಲ್ಲಿಲ್ಲ. ಪ್ಲೇಟ್‌ಲೆಟ್ ಸರಿ ಇದೆ.

ಇಷ್ಟೊಂದು ಪರೀಕ್ಷೆ ಯಾಕೆ ಅಂತ ಇವರು ಕೇಳಿದ್ದಕ್ಕೆ ಮೇಡಂ ಕೊಟ್ಟ ಉತ್ತರ ನಾನು ಮರೆಯುವುದಿಲ್ಲ. ಬಸುರಿಯ ಲಿವರ್ ರಿಪೋರ್ಟ್ ಕೆಟ್ಟರೆ ಅದಕ್ಕೆ ಬೇರೆ ಬೇರೆ ಕಾರಣಗಳಿರಬಹುದು, ಅವುಗಳಲ್ಲಿ ಕೆಲವು ಕಾಯಲು ಬಿಡುವುದಿಲ್ಲ. ಒಂದು, ಬಿಪಿ ಏರಿಕೆಯ ಜೊತೆ ಬರುವ ಹೆಲ್ಪ್ ಸಿಂಡ್ರೋಮ್. ಅದರಲ್ಲಿ ಕೆಂಪು ರಕ್ತಕಣ ಒಡೆಯುತ್ತವೆ, ಲಿವರಿನ ಕಿಣ್ವಗಳು ಏರುತ್ತವೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಪಕ್ಕೆಲುಬಿನ ಕೆಳಗೆ ಬಲಗಡೆ ನೋವು ಬಂದಾಗ ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗಿ ಮಲಗುವವರು ಬಹಳ. ಇನ್ನೊಂದು, ಲಿವರಿನಲ್ಲಿ ಏಕಾಏಕಿ ಕೊಬ್ಬು ತುಂಬಿಕೊಳ್ಳುವ ಕಾಯಿಲೆ. ತುಂಬ ಅಪರೂಪ, ಆದರೆ ಬಂದರೆ ಹೆಚ್ಚು ಸಮಯ ಕೊಡುವುದಿಲ್ಲ. ಕೊನೆಯ ತಿಂಗಳುಗಳಲ್ಲಿ ಮತ್ತೆ ವಾಂತಿ ಶುರುವಾಗುತ್ತದೆ, ವಿಪರೀತ ಬಾಯಾರಿಕೆ, ಸುಸ್ತು, ಆಮೇಲೆ ಕಾಮಾಲೆ. ಸಕ್ಕರೆ ಅಂಶ ಕುಸಿಯುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ಈ ಎರಡರಲ್ಲೂ ತಾಯಿಯ ಜೀವಕ್ಕೇ ಅಪಾಯ. ಮದ್ದು ಅಂದರೆ ತಡಮಾಡದೆ ಹೆರಿಗೆ ಮಾಡಿಸುವುದೇ. ನನಗೆ ಬಂದಿದ್ದು ಇವೆರಡೂ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಅಷ್ಟು ಸೀಸೆ ರಕ್ತ ಬೇಕಾಗಿತ್ತು.

ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಅನ್ನುವ ಮಾತ್ರೆ, 300 ಮಿಲಿಗ್ರಾಂ, ಬೆಳಿಗ್ಗೆ ಒಂದು ರಾತ್ರಿ ಒಂದು. ತುರಿಕೆ ಸ್ವಲ್ಪ ತಗ್ಗಬಹುದು, ಅದರಿಂದ ಮಗುವಿಗೆ ರಕ್ಷಣೆ ಸಿಗುತ್ತೆ ಅಂತ ಮಾತ್ರ ನಾನು ಭರವಸೆ ಕೊಡಲ್ಲ ಅಂದರು ಮೇಡಂ. ಇಂಗ್ಲೆಂಡ್ ಮತ್ತು ವೇಲ್ಸಿನ 33 ಆಸ್ಪತ್ರೆಗಳಲ್ಲಿ 605 ಗರ್ಭಿಣಿಯರಿಗೆ ಈ ಮಾತ್ರೆ ಅಥವಾ ಬರೀ ಹುಸಿಮಾತ್ರೆ ಕೊಟ್ಟು ನೋಡಿದ್ದಾರೆ. 2019ರಲ್ಲಿ ಫಲಿತಾಂಶ ಬಂತು. ಮಕ್ಕಳಿಗೆ ಆಗುವ ತೊಂದರೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹೇಳದೆಯೇ ಮಾತ್ರೆ ಬರೆದುಕೊಡಬಹುದಿತ್ತು. ಹೇಳಿದ್ದರಿಂದ ನನಗೆ ಒಳ್ಳೆಯದೇ ಆಯಿತು. ಮಾತ್ರೆ ನುಂಗಿದ್ದೇನೆ ಅಂತ ನಿಶ್ಚಿಂತೆಯಿಂದ ಇರಲಿಲ್ಲ, ಮುಂದಿನ ರಕ್ತಪರೀಕ್ಷೆಯನ್ನು ತಪ್ಪಿಸಲೂ ಇಲ್ಲ.

ತುರಿಕೆ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಪುದೀನದ ತಂಪು ಇರುವ ಒಂದು ಕ್ರೀಮನ್ನು ಫ್ರಿಜ್ಜಿನಲ್ಲಿಟ್ಟು ಹಚ್ಚಿಕೊಂಡೆ. ಉಗುರು ಬುಡಮಟ್ಟ ಕತ್ತರಿಸಿದೆ. ಒದ್ದೆ ಬಟ್ಟೆ ಅಂಗಾಲಿಗೆ ಸುತ್ತಿ ಫ್ಯಾನಿನ ಕೆಳಗೆ ಮಲಗಿದೆ. ಇವೆಲ್ಲ ರಾತ್ರಿಯನ್ನು ಹೇಗೋ ದಾಟಿಸುವ ಉಪಾಯಗಳು.

ನಿದ್ದೆ ಇಲ್ಲದಿರುವುದು ತಾಯಿಯನ್ನು ಎಷ್ಟು ಹಣ್ಣು ಮಾಡುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಬೇಕು. ತಾಯಿಗೆ ಅಷ್ಟೇನೂ ಅಪಾಯ ಇಲ್ಲ ಅನ್ನುವ ಮಾತು ಪುಸ್ತಕದ ಲೆಕ್ಕದಲ್ಲಿ ಸರಿ. ಆದರೆ ವಾರಗಟ್ಟಲೆ ರಾತ್ರಿ ಎರಡು ಗಂಟೆ ನಿದ್ದೆ ಮಾಡಿದವಳ ಸ್ಥಿತಿ ಬೇರೆಯೇ. ಹಗಲು ಯಾರ ಮೇಲಾದರೂ ರೇಗುತ್ತಿದ್ದೆ. ಕಾರಣವಿಲ್ಲದೆ ಅಳುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಮಗು ಒದೆಯಲಿ ಅಂತ ಕಾಯುತ್ತಾ ಬೆಳಗು ಮಾಡುತ್ತಿದ್ದೆ. ಒದ್ದರೆ ಒಂದು ಗಳಿಗೆ ನೆಮ್ಮದಿ, ಮತ್ತೆ ಅದೇ ಭಯ. ಮೇಡಂ ಹತ್ತಿರ ಇದನ್ನೂ ಹೇಳಿದೆ. ಅವರು ಅದನ್ನೂ ಕಾಯಿಲೆಯ ಭಾಗವಾಗಿಯೇ ತೆಗೆದುಕೊಂಡರು. ರಾತ್ರಿಗೆ ನಿದ್ದೆ ಬರಿಸುವ, ಬಸುರಿನಲ್ಲಿ ಕೊಡಬಹುದಾದ ಅಲರ್ಜಿ ಮಾತ್ರೆ ಒಂದನ್ನು ಬರೆದರು. ಮನೆಯವರನ್ನು ಕೂರಿಸಿಕೊಂಡು, "ಇವಳು ಮಧ್ಯಾಹ್ನ ಮಲಗಿದ್ರೆ ಯಾರೂ ಎಬ್ಬಿಸಬೇಡಿ, ಕೆಲಸ ಹೇಳಬೇಡಿ" ಅಂದರು. ಅತ್ತೆ ಅದನ್ನು ಅಕ್ಷರಶಃ ಪಾಲಿಸಿದರು. ಮನೆಗೆ ಬಂದ ನೆಂಟರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದರು.

ಮಗುವಿನ ಹೃದಯ ಬಡಿತ ನೋಡಲು ಹೊಟ್ಟೆಗೆ ಬೆಲ್ಟ್ ಕಟ್ಟಿ ಎನ್‌ಎಸ್‌ಟಿ ಮಾಡುತ್ತಿದ್ದರು. ಕೈಗೆ ಒಂದು ಗುಂಡಿ ಕೊಡುತ್ತಾರೆ, ಮಗು ಅಲುಗಾಡಿದಾಗ ಒತ್ತಬೇಕು. ಕಾಗದದ ಮೇಲೆ ಗೆರೆ ಏರಿಳಿಯುತ್ತಾ ಹೋಗುತ್ತದೆ. ಆ ಗೆರೆ ಚೆನ್ನಾಗಿದೆ ಅಂದರೆ ಆ ಹೊತ್ತಿಗೆ ಮಗು ಚೆನ್ನಾಗಿದೆ ಅಂತ ಅಷ್ಟೇ. ನಾಳೆಯ ಮಾತು ಅದು ಹೇಳುವುದಿಲ್ಲ. ಈ ಕಾಯಿಲೆಯಲ್ಲಿ ಅದೇ ತೊಡಕು. ಹಾಗಾಗಿಯೇ ಡಾಕ್ಟರುಗಳು ಅಂಕಿ ನೋಡಿ ಹೆರಿಗೆಯ ದಿನ ನಿಗದಿ ಮಾಡುತ್ತಾರೆ.

ಎನ್‌ಎಸ್‌ಟಿಗೆ ಕಾಯುತ್ತಾ ಕೂತಿದ್ದಾಗ ವಾರ್ಡಿನಲ್ಲಿ ಒಬ್ಬಳನ್ನು ನೋಡಿದೆ. ನನಗಿಂತ ಚಿಕ್ಕವಳು, ಎಂಟು ತಿಂಗಳು. ಕಣ್ಣು, ಉಗುರು ಎಲ್ಲ ಹಳದಿ. ಕಾಮಾಲೆ ಅಂತ ಊರಿನಲ್ಲಿ ಸೊಪ್ಪಿನ ಔಷಧಿ ಕೊಡಿಸಿ, ಪಥ್ಯ ಮಾಡಿಸಿ, ಅನ್ನ ಮಜ್ಜಿಗೆ ಬಿಟ್ಟು ಏನೂ ಕೊಡದೆ ಇಟ್ಟಿದ್ದರಂತೆ. ಮಾತು ತೊದಲುತ್ತಿದೆ ಅಂದ ಮೇಲೆ ಕರೆತಂದಿದ್ದರು. ಹೆಪಟೈಟಿಸ್ ಇ. ಕಲುಷಿತ ನೀರಿನಿಂದ ಬರುವ ವೈರಸ್. ಉಳಿದವರಿಗೆ ಬಂದರೆ ಸಾಮಾನ್ಯವಾಗಿ ತಾನಾಗೇ ವಾಸಿಯಾಗುತ್ತದೆ. ಕೊನೆಯ ತಿಂಗಳ ಗರ್ಭಿಣಿಗೆ ಬಂದರೆ ಐವರಲ್ಲಿ ಒಬ್ಬರ ಜೀವ ತೆಗೆಯುವಷ್ಟು ಕ್ರೂರ. 1955-56ರಲ್ಲಿ ದೆಹಲಿಯಲ್ಲಿ ಯಮುನೆಯ ನೀರಿಗೆ ಚರಂಡಿ ಸೇರಿ ದೊಡ್ಡ ಕಾಮಾಲೆ ಹರಡಿತ್ತು. ಗರ್ಭಿಣಿಯರೇ ಹೆಚ್ಚು ಸತ್ತರು. ಅದು ಹೆಪಟೈಟಿಸ್ ಇ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಕಡೆ ಕಾಮಾಲೆ ಅಂದರೆ ಇಂಥ ಊರಿನಲ್ಲಿ ಇಂಥವರು ಔಷಧಿ ಕೊಡುತ್ತಾರೆ ಅಂತ ಪ್ರತಿ ಮನೆಯಲ್ಲೂ ಒಂದು ವಿಳಾಸ ಇರುತ್ತದೆ. ನಂಬಿಕೆಯ ಬಗ್ಗೆ ನಾನು ಜಗಳ ಆಡುವುದಿಲ್ಲ. ಬಸುರಿಯ ಕಣ್ಣು ಹಳದಿಯಾದರೆ ಮಾತ್ರ ಮೊದಲು ಹೋಗಬೇಕಾದ್ದು ಐಸಿಯು ಇರುವ ಆಸ್ಪತ್ರೆಗೆ. ಇದನ್ನು ನಾನು ಯಾರ ಮುಂದೆ ಬೇಕಾದರೂ ಗಟ್ಟಿಯಾಗಿ ಹೇಳುತ್ತೇನೆ. ಆ ಹುಡುಗಿಯನ್ನು ಅದೇ ಸಂಜೆ ಬೇರೆ ಕಡೆಗೆ ಕಳಿಸಿದರು. ಆಂಬುಲೆನ್ಸಿಗೆ ಹತ್ತಿಸುವಾಗ ಅವಳ ಅಮ್ಮ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹಿಂದೆ ಓಡಿದರು. ಆಮೇಲೆ ಏನಾಯಿತು ಅಂತ ಸಿಸ್ಟರ್ ಹತ್ತಿರ ಕೇಳಿದೆ, ಅವರಿಗೂ ಸುದ್ದಿ ಇರಲಿಲ್ಲ.

35ನೇ ವಾರದಲ್ಲಿ ಬೈಲ್ ಆಸಿಡ್ ಮತ್ತೆ ಕಳಿಸಿದರು. ಈ ಸಲ 112.

ಮೇಡಂ ಆಸ್ಪತ್ರೆಯಿಂದಲೇ ಫೋನ್ ಮಾಡಿದರು. "ನೋಡಮ್ಮ, 36 ವಾರ ತುಂಬಿದ ಕೂಡಲೇ ಹೆರಿಗೆ ಮಾಡಿಸೋಣ. ಇವತ್ತೇ ಬಂದು ಅಡ್ಮಿಟ್ ಆಗು." ಮಗು ಇನ್ನೂ ಬಲಿಯಬೇಕಲ್ವಾ ಅಂತ ಅಜ್ಜಿಗೆ ಆತಂಕ. ಮೇಡಂ ಅವರಿಗೂ ಬಿಡಿಸಿ ಹೇಳಿದರು. 36 ವಾರದ ಮಗುವಿಗೆ ಉಸಿರಾಟದಲ್ಲಿ ಸ್ವಲ್ಪ ಕಷ್ಟ ಆಗಬಹುದು, ಕಾಮಾಲೆ ಆಗಬಹುದು, ಅದನ್ನು ನೋಡಿಕೊಳ್ಳಲು ಮಕ್ಕಳ ಡಾಕ್ಟರ್ ಇದ್ದಾರೆ. ಒಳಗೇ ಬಿಟ್ಟು ಏನಾದರೂ ಆದರೆ ನೋಡಿಕೊಳ್ಳಲು ನಮ್ಮ ಕೈಯಲ್ಲಿ ಏನೂ ಇರಲ್ಲ. ಅಜ್ಜಿ ಮತ್ತೆ ಮಾತಾಡಲಿಲ್ಲ, ಬ್ಯಾಗಿಗೆ ಹಳೆಯ ಮೆತ್ತನೆ ಸೀರೆಗಳನ್ನು ತುಂಬಿದರು.

ಅಡ್ಮಿಟ್ ಆದ ಮೇಲೆ ವಿಟಮಿನ್ ಕೆ ಕೊಟ್ಟರು. ಪಿತ್ತರಸ ಕರುಳಿಗೆ ಇಳಿಯದಿದ್ದರೆ ಊಟದಲ್ಲಿನ ಕೊಬ್ಬು ಮೈಗೆ ಹತ್ತುವುದಿಲ್ಲ, ಕೊಬ್ಬಿನ ಜೊತೆ ಬರುವ ವಿಟಮಿನ್ ಕೆ ಕೂಡ ಹತ್ತುವುದಿಲ್ಲ. ರಕ್ತ ಹೆಪ್ಪುಗಟ್ಟಲು ಅದು ಬೇಕೇ ಬೇಕು. ಹೆರಿಗೆಯ ಮೇಲೆ ರಕ್ತಸ್ರಾವ ಜಾಸ್ತಿ ಆದರೆ ಅಂತ ನನ್ನ ಗುಂಪಿನ ರಕ್ತವನ್ನೂ ಕಾದಿರಿಸಿದರು. ಇವರ ತಮ್ಮ ಹೋಗಿ ರಕ್ತ ಕೊಟ್ಟು ಬಂದ.

ಸಿಸೇರಿಯನ್ನೇ ಆಗಬೇಕು ಅಂತ ಏನಿಲ್ಲ. ಜೆಲ್ ಇಟ್ಟು, ಆಮೇಲೆ ನೋವಿನ ಡ್ರಿಪ್ ಹಾಕಿ ಹೆರಿಗೆ ನೋವು ಬರಿಸಿದರು. ಬೆಲ್ಟು ಹೊಟ್ಟೆಯ ಮೇಲೆ ಪೂರ್ತಿ ಹೊತ್ತು ಇತ್ತು. ಮಗುವಿನ ಬಡಿತದ ಸದ್ದು ಕೋಣೆಯ ತುಂಬ. ನೀರು ಒಡೆದಾಗ ಅದು ಹಸಿರಾಗಿತ್ತು, ಮಗು ಒಳಗೇ ಮಲ ಮಾಡಿಕೊಂಡಿತ್ತು. ಸಿಸ್ಟರ್ ಹೋಗಿ ಮಕ್ಕಳ ಡಾಕ್ಟರನ್ನು ಕರೆತಂದು ನಿಲ್ಲಿಸಿದರು. ಹೆರಿಗೆ ನೋವಿನ ಬಗ್ಗೆ ಹೊಸದಾಗಿ ಹೇಳುವುದು ಏನಿಲ್ಲ. ಹೆಣ್ಣುಮಗು, ಎರಡು ಕೆಜಿ ನಾನೂರು ಗ್ರಾಂ. ಹುಟ್ಟಿದ ಕೂಡಲೇ ಜೋರಾಗಿ ಅತ್ತಳು. ಅಳು ಕೇಳಿ ನಾನು ಮೇಡಂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ರಕ್ತಸ್ರಾವ ಹತೋಟಿಯಲ್ಲೇ ಇತ್ತು, ಕಾದಿರಿಸಿದ ರಕ್ತ ಬೇಕಾಗಲಿಲ್ಲ. ಮಗುವಿಗೆ ಮೂರನೇ ದಿನ ಕಾಮಾಲೆ ಏರಿತು, ನೀಲಿ ಬೆಳಕಿನ ಕೆಳಗೆ ಇಟ್ಟರು, ಇಳಿಯಿತು. ಮೊದಲ ದಿನವೇ ಹೆಪಟೈಟಿಸ್ ಬಿ ಲಸಿಕೆ ಹಾಕಿದ್ದರು. ಅದು ಎಲ್ಲ ಮಕ್ಕಳಿಗೂ ಹಾಕುವುದೇ, 24 ಗಂಟೆಯ ಒಳಗೆ ಹಾಕಿದರೆ ಒಳ್ಳೆಯದು.

ತುರಿಕೆ ಹೆರಿಗೆಯಾದ ಕೆಲವೇ ದಿನಕ್ಕೆ ಪೂರ್ತಿ ಹೋಯಿತು. ಬಾಣಂತಿ ಕೋಣೆಯಲ್ಲಿ ಮಗುವಿನ ಪಕ್ಕ ಮಲಗಿದ್ದಾಗ ಕಾಲು ಸುಮ್ಮನೆ ಬಿದ್ದಿದೆ ಅನ್ನುವುದೇ ಒಂದು ಸುಖ. ಮಗು ರಾತ್ರಿ ಏಳಿಸುತ್ತಿತ್ತು ನಿಜ, ಹಾಲು ಕುಡಿಸಿ ಮತ್ತೆ ಮಲಗಿದರೆ ನಿದ್ದೆ ಬರುತ್ತಿತ್ತು.

ಬಾಣಂತನದ ಮದ್ದುಗಳ ವಿಷಯದಲ್ಲಿ ಮನೆಯಲ್ಲಿ ಒಂದಿಷ್ಟು ಮಾತಾಯಿತು. ಕಷಾಯ, ಲೇಹ್ಯ ಎಲ್ಲ ತಯಾರಿತ್ತು. ಲಿವರ್ ರಿಪೋರ್ಟ್ ಸರಿಯಾಗುವವರೆಗೆ ಏನಿದೆ ಅಂತ ಗೊತ್ತಿಲ್ಲದ ಪುಡಿ, ಲೇಹ್ಯ ಬೇಡ ಅಂದಿದ್ದರು ಮೇಡಂ. ಅಮ್ಮ ಗಟ್ಟಿಯಾಗಿ ನನ್ನ ಪರ ನಿಂತಳು. ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪದ ಅನ್ನ ಸಾಕಾಯಿತು.

ಆರು ವಾರ ಆದ ಮೇಲೆ ಮತ್ತೆ ಲಿವರ್ ಪರೀಕ್ಷೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮಗು ಬಂತು, ತುರಿಕೆ ಹೋಯಿತು, ಇನ್ನೇನು ಅಂತ. ಆದರೆ ರಿಪೋರ್ಟ್ ಮಾಮೂಲಿಗೆ ಬರದಿದ್ದರೆ ಅದು ಬಸುರಿನ ಕಾಯಿಲೆಯಲ್ಲ, ಲಿವರಿನಲ್ಲಿ ಮೊದಲಿನಿಂದ ಬೇರೆ ಏನೋ ಇತ್ತು ಅಂತ ಅರ್ಥ. ಅದನ್ನು ಹುಡುಕಬೇಕಾಗುತ್ತದೆ. ನನ್ನ ಎಸ್‌ಜಿಪಿಟಿ 24ಕ್ಕೆ ಇಳಿದಿತ್ತು, ಬೈಲ್ ಆಸಿಡ್ ಕೂಡ ಮಾಮೂಲಿ. ಮುಂದೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ನನ್ನಂಥವರಿಗೆ ಸ್ವಲ್ಪ ಜಾಸ್ತಿ, ಬಲಗಡೆ ಹೊಟ್ಟೆನೋವು ಬಂದರೆ ಇದನ್ನು ನೆನಪಿಟ್ಟು ಹೇಳು ಅಂದರು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯಿಂದ ತುರಿಕೆ ಮರುಕಳಿಸಬಹುದು, ಹಾಗಾಗಿ ನಾನು ಕಾಪರ್-ಟಿ ಹಾಕಿಸಿಕೊಂಡೆ. ಇನ್ನೊಂದು ಮಗು ಬೇಕು ಅಂದರೆ ಕಾಯಿಲೆ ಮತ್ತೆ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಆ ಬಗ್ಗೆ ನಾವಿಬ್ಬರೂ ಇನ್ನೂ ಏನೂ ತೀರ್ಮಾನ ಮಾಡಿಲ್ಲ.

ತಂಗಿ ಈಗ ಐದು ತಿಂಗಳ ಬಸುರಿ, ದಾವಣಗೆರೆಯಲ್ಲಿದ್ದಾಳೆ. ನನ್ನ ಡಿಸ್ಚಾರ್ಜ್ ಚೀಟಿ ಮತ್ತು ಎರಡೂ ಬೈಲ್ ಆಸಿಡ್ ರಿಪೋರ್ಟಿನ ಫೋಟೋ ಅವಳಿಗೆ ಕಳಿಸಿದ್ದೇನೆ. ಅವಳ ಡಾಕ್ಟರ್ ಅದನ್ನು ಓದಿ, ಅಮ್ಮನಿಗೂ ಅಕ್ಕನಿಗೂ ಇತ್ತು ಅಂತ ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದಾರೆ. 28ನೇ ವಾರಕ್ಕೆ ಒಮ್ಮೆ ಲಿವರ್ ಪರೀಕ್ಷೆ, ಅದಕ್ಕೂ ಮುಂಚೆ ಅಂಗೈ ಅಂಗಾಲು ತುರಿಸಿದರೆ ಅವತ್ತೇ ಬರಬೇಕು ಅಂತ ಹೇಳಿದ್ದಾರೆ.